ಮೆಕ್ಕೆಜೋಳದ ಲೋಟದಿಂದ ಗ್ಯಾಸ್: ಮೊದಲು ಬೇಯಿಸಿ, ಆಮೇಲೆ ಗುಂಡಿಗೆ

ಕಾರಟಗಿ ಹತ್ತಿರ ಒಂದು ಮನೆಯಲ್ಲಿ ಮದುವೆ ಮುಗಿದ ಮೇಲೆ ಮೆಕ್ಕೆಜೋಳದ ಪ್ಲಾಸ್ಟಿಕ್ ಲೋಟಗಳನ್ನೆಲ್ಲ ಗೋಬರ್ ಗ್ಯಾಸ್ ಗುಂಡಿಗೆ ಸುರಿದಿದ್ದರು. ಎರಡು ತಿಂಗಳಾದ ಮೇಲೆ ಕೋಲು ಹಾಕಿ ಎಳೆದೆವು. ಲೋಟದ ಮೇಲಿನ ಹಸಿರು ಎಲೆಯ ಚಿತ್ರ ಕೂಡ ಅಳಿಸಿರಲಿಲ್ಲ.

ಕಾರಣ ಶಾಖ. ಈ ಲೋಟಗಳು ಪಿಎಲ್‌ಎ ಎಂಬ, ಮೆಕ್ಕೆಜೋಳದಂಥ ಬೆಳೆಯ ಪಿಷ್ಟದಿಂದ ಮಾಡುವ ಪ್ಲಾಸ್ಟಿಕ್ಕಿನವು. ಇವು ಕೊಳೆತು ಗೊಬ್ಬರವಾಗುತ್ತವೆಯೇ ಎಂದು ನೋಡುವ ಕಾಂಪೋಸ್ಟೆಬಲ್ ಪರೀಕ್ಷೆ ನಡೆಯುವುದು 58 ಡಿಗ್ರಿ ಆಸುಪಾಸಿನಲ್ಲಿ. ನಮ್ಮ ರಾಯಚೂರು ಬಿಸಿಲಲ್ಲೂ ನೆಲದೊಳಗಿನ ಗುಂಡಿ ಅಷ್ಟು ಕಾಯುವುದಿಲ್ಲ. ಅದಕ್ಕೇ ಮೊದಲು ಸುಣ್ಣದ ಬಿಸಿನೀರಲ್ಲಿ ಬೇಯಿಸಬೇಕು.

ಮೊದಲು ಆರಿಸಿಕೊಳ್ಳಿ. ಕಾಂಪೋಸ್ಟೆಬಲ್ ಪ್ಲಾಸ್ಟಿಕ್ಕಿನ ಭಾರತೀಯ ಮಾನಕ ಐಎಸ್ 17088ರ ಗುರುತು ಇರಲೇಬೇಕು. 'ಆಕ್ಸೋ ಬಯೋಡಿಗ್ರೇಡಬಲ್' ಅಂತ ಇದ್ದರೆ ಮುಟ್ಟಬೇಡಿ, ಅದು ಪುಡಿಯಾಗುವ ಪಾಲಿಥೀನ್ ಅಷ್ಟೇ. ಕಾಂಪೋಸ್ಟೆಬಲ್ ಅಂತ ಮಾರುವ ತೆಳು ಕ್ಯಾರಿಬ್ಯಾಗ್ ಕೂಡ ಬೇಡ. ಅದರೊಳಗಿನ ಪಿಷ್ಟ ಗ್ಯಾಸ್ ಆಗುತ್ತದೆ, ಜೊತೆಗೆ ಬೆರೆಸಿದ ಪಿಬಿಎಟಿ ಎಂಬ ಮೆತ್ತನೆಯ ಪ್ಲಾಸ್ಟಿಕ್ ಹಾಗೇ ಉಳಿದು ಪೈಪಿಗೆ ಸುತ್ತಿಕೊಳ್ಳುತ್ತದೆ. ಬರೀ ಪಿಷ್ಟದ ಪ್ಯಾಕಿಂಗ್ ಉಂಡೆಗಳಾದರೆ ನೀರಲ್ಲಿ ಕರಗಿಸಿ ನೇರವಾಗಿ ಹಾಕಬಹುದು. ಅನುಮಾನ ಇದ್ದರೆ ಒಂದು ಹನಿ ಟಿಂಚರ್ ಅಯೋಡಿನ್ ಬಿಡಿ, ಪಿಷ್ಟ ನೀಲಿಗಪ್ಪಾಗುತ್ತದೆ.

ಲೋಟಗಳನ್ನು ತೊಳೆದು, ಉಗುರಿನಷ್ಟು ಚೂರು ಮಾಡಿ.

ಈಗ ಎಲ್ಲರೂ ಎಡವುವ ಕೆಲಸ. 10 ಲೀಟರ್ ನೀರಿಗೆ 250 ಗ್ರಾಂ ಅರಳಿದ ಸುಣ್ಣ ಹಾಕಿ, ಚೂರು ಮುಳುಗಿಸಿ, ಮುಚ್ಚಳ ಮುಚ್ಚಿ. 70 ಡಿಗ್ರಿಯಲ್ಲಿ ಎರಡು ದಿನ ಇಡಬೇಕು. ಗಳಗಳ ಕುದಿಸಬೇಕಿಲ್ಲ. ನನ್ನ ಮಟ್ಟಿಗೆ ಭತ್ತದ ಹೊಟ್ಟಿನ ಒಲೆಯೇ ಸರಿ, ಗಂಗಾವತಿ ಕಡೆ ಹೊಟ್ಟಿಗೆ ಬರವಿಲ್ಲ, ಉರಿಯೂ ಸಣ್ಣಗೆ ನಿಲ್ಲುತ್ತದೆ. ನೀರು ಇಂಗಿದಷ್ಟೂ ಬಿಸಿನೀರು ಸೇರಿಸಿ. ಮೊದಲು ಚೂರು ಬೆಳ್ಳಗಾಗಿ ಸೊಟ್ಟಗಾಗುತ್ತದೆ. ಆಮೇಲೆ ಬೆರಳಲ್ಲಿ ಅಲ್ಲ, ಸೌಟಿನಲ್ಲಿ ಒತ್ತಿ ನೋಡಿ. ಒಣ ಹಪ್ಪಳದ ಹಾಗೆ ಮುರಿದರೆ ಹದ ಬಂತು. ಬಗ್ಗಿದರೆ ಇನ್ನೂ ಬೇಯಲಿ. ಬೇಗ ಆಗಲಿ ಅಂತ ಕಾಸ್ಟಿಕ್ ಸೋಡಾ ಸುರಿಯಬೇಡಿ. ಸೋಡಿಯಂ ಜಾಸ್ತಿಯಾದರೆ ಗ್ಯಾಸ್ ಕೊಡುವ ಸೂಕ್ಷ್ಮಜೀವಿಗಳಿಗೇ ಕಷ್ಟ. ಸುಣ್ಣದ ನೀರೂ ಕಣ್ಣಿಗೆ ಅಪಾಯ, ಮಕ್ಕಳನ್ನು ದೂರ ಇಡಿ.

ಆರಿದ ಮೇಲೆ ಸಗಣಿ ಬಗ್ಗಡದಲ್ಲಿ ಕಲಸಿ, ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ ಅದ್ದಿ. 8ಕ್ಕಿಂತ ಕೆಳಗಿದ್ದರೆ ಮಾತ್ರ ಗುಂಡಿಗೆ ಬಿಡಿ.

ಎರಡು ಘನಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಬೇಕಲ್ವಾ? ಅದರ ಜೊತೆ ಅರ್ಧ ಕೆಜಿ ಚೂರಿಗಿಂತ ಜಾಸ್ತಿ ಬೇಡವೇ ಬೇಡ. ಹೊಟ್ಟೆಬಾಕರಂತೆ ತುಂಬಿದರೆ ಒಳಗೆ ಹುಳಿಯೇರುತ್ತದೆ. ಒಲೆ ಸರಿಯಾಗಿ ಹತ್ತದೆ ಪದೇ ಪದೇ ಆರಿದರೆ, ಬಗ್ಗಡ ಹುಳಿ ವಾಸನೆ ಬಂದರೆ ಅದೇ ಗುರುತು. ಆಗ ಒಂದು ವಾರ ಏನೂ ಹಾಕಬೇಡಿ, ಆಮೇಲೆ ಸಗಣಿ ಮಾತ್ರ ಸ್ವಲ್ಪ ಸ್ವಲ್ಪ. ಉರಿ ನೀಲಿಗೆ ತಿರುಗಿ ನಿಂತ ಮೇಲೆ ಮತ್ತೆ ಒಂದು ಹಿಡಿ ಚೂರಿನಿಂದ ಶುರು ಮಾಡಿ.