ಹಳೆಯ ಪ್ರೋಗ್ರಾಂ ಕೆಡದ ಹಾಗೆ ಲೈಬ್ರರಿ ಬದಲಿಸುವ ಬಗೆ

ಮಂಗಳೂರು ಧಕ್ಕೆಯ ಮೀನು ವ್ಯಾಪಾರಿಗಳ ಬಿಲ್ಲಿಂಗ್ ಓಡುವ ಲಿನಕ್ಸ್ ಸರ್ವರ್‌ಗಳು ನನ್ನ ಸುಪರ್ದಿಯಲ್ಲಿವೆ. ಅಲ್ಲಿ ವ್ಯಾಪಾರ ಬೆಳಕು ಹರಿಯುವ ಮೊದಲೇ ಶುರು. ಹಾಗಾಗಿ ಲೈಬ್ರರಿಗೆ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ ಫೈಲಿಗೆ) ಕೈ ಹಾಕುವುದು ಮಧ್ಯಾಹ್ನದ ಮೇಲೆಯೇ. ದೊಡ್ಡ ಬದಲಾವಣೆಗಳನ್ನು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲಕ್ಕೆ ಇಟ್ಟುಕೊಳ್ಳುತ್ತೇನೆ.

ಓಡುತ್ತಿರುವ ಪ್ರೋಗ್ರಾಂ ಬಳಸುತ್ತಿರುವ ಲೈಬ್ರರಿ ಫೈಲಿನ ಮೇಲೆ 'ಸಿಪಿ' (ನಕಲು ಮಾಡುವ ಕಮಾಂಡ್) ಹೊಡೆಯಲೇಬಾರದು. ಸಿಪಿ ಅದೇ ಫೈಲನ್ನು ಖಾಲಿ ಮಾಡಿ ಅದರೊಳಗೇ ಬರೆಯುತ್ತದೆ. ಮೆಮೊರಿಗೆ ಅದನ್ನು ಜೋಡಿಸಿಕೊಂಡ ಪ್ರೋಗ್ರಾಂ ಅಲ್ಲೇ ಕುಸಿಯುತ್ತದೆ. ಓಡುತ್ತಿರುವ ಪ್ರೋಗ್ರಾಂ ಫೈಲನ್ನೇ ತಿದ್ದಲು ಹೋದರೆ ಲಿನಕ್ಸ್‌ನ ತಿರುಳಾದ ಕರ್ನಲ್ 'ಟೆಕ್ಸ್ಟ್ ಫೈಲ್ ಬ್ಯುಸಿ' ಎಂದು ತಡೆಯುತ್ತದೆ, ಲೈಬ್ರರಿಗೆ ಆ ರಕ್ಷಣೆ ಇಲ್ಲ. ಹೊಸದನ್ನು ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಿನಲ್ಲಿಟ್ಟು 'ಎಂವಿ' ಕಮಾಂಡಿನಿಂದ ಹೆಸರು ಬದಲಿಸುತ್ತೇನೆ. ಆಗ ಹಳೆಯ ಪ್ರೋಗ್ರಾಂ ಹಳೆಯ ಫೈಲನ್ನೇ ಹಿಡಿದುಕೊಂಡಿರುತ್ತದೆ, ಹೊಸದಾಗಿ ಶುರುವಾದದ್ದಕ್ಕೆ ಹೊಸದು ಸಿಗುತ್ತದೆ.

ಇನ್ನು ಲೈಬ್ರರಿಯ ಹೆಸರಿನ ವಿಷಯ. ಉದಾಹರಣೆಗೆ ಫೈಲು ಲಿಬ್‌ತೂಕ.ಎಸ್‌ಒ.2.4.1, ಪ್ರೋಗ್ರಾಂ ಹುಡುಕುವ ಚಿಕ್ಕ ಹೆಸರು, ಅಂದರೆ ಎಸ್‌ಒನೇಮ್, ಲಿಬ್‌ತೂಕ.ಎಸ್‌ಒ.2. ಇವೆರಡರ ನಡುವಿನ ಕೊಂಡಿಯನ್ನು (ಲಿಂಕ್) ಎಲ್‌ಡಿಕಾನ್ಫಿಗ್ ಎಂಬ ಕಮಾಂಡ್ ಹಾಕುತ್ತದೆ. ತಲೆನೋವು ಇರುವುದು ಆ 2 ಯಾವಾಗ 3 ಆಗಬೇಕು ಎನ್ನುವುದರಲ್ಲಿ. ತೂಕದ ಯಂತ್ರದಿಂದ ಓದುವ ಸ್ಟ್ರಕ್ಟ್‌ನಲ್ಲಿ (ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕೂತ ಮಾಹಿತಿಯ ಕಟ್ಟು) ಗ್ರಾಹಕ ಸಂಖ್ಯೆ, ತೂಕ, ದರ ಇವೆ, ತಲಾ 4 ಬೈಟ್ ಎನ್ನಿ. 0ಯಿಂದ ಎಣಿಸಿದರೆ ದರ ಇರುವುದು 8ನೇ ಬೈಟಿನಲ್ಲಿ. ಯಾರೋ ತೂಕದ ನಂತರ 'ಬುಟ್ಟಿಯ ತೂಕ' ಸೇರಿಸಿದರು. ದರ 12ಕ್ಕೆ ಸರಿಯಿತು. ಹಳೆಯ ಪ್ರೋಗ್ರಾಂ ಬುಟ್ಟಿಯ ತೂಕವನ್ನೇ ದರ ಅಂದುಕೊಂಡು ಗುಣಿಸುತ್ತದೆ. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಬಿಲ್ ಮಾತ್ರ ತಪ್ಪು. ಕುಸಿದು ಬೀಳುವುದೇ ಇದಕ್ಕಿಂತ ವಾಸಿ! ಇಂಥ ಬದಲಾವಣೆಯಾದಾಗ 2 ಹೋಗಿ 3 ಆಗಲೇಬೇಕು. ಕೊನೆಯಲ್ಲಿ ಸೇರಿಸಿದರೂ, ಸ್ಟ್ರಕ್ಟ್‌ಗೆ ಜಾಗ ಕೊಡುವುದು ಹಳೆಯ ಪ್ರೋಗ್ರಾಮೇ ಆಗಿದ್ದರೆ ಆ ಜಾಗ ಸಾಲದೆ ಅಪಾಯ ತಪ್ಪದು. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಎಲ್‌ಡಿಡಿ ಕಮಾಂಡ್ ಇದನ್ನು ಹಿಡಿಯುವುದಿಲ್ಲ. 'ಆರ್' ಆಯ್ಕೆ ಕೊಟ್ಟರೂ ಕಾಣೆಯಾದ ಹೆಸರುಗಳನ್ನಷ್ಟೇ ಹೇಳುತ್ತದೆ. ಡೀಬಗ್ ಮಾಹಿತಿ ಉಳಿಸಿಕೊಂಡು ಹಳೆಯ ಲೈಬ್ರರಿಯನ್ನೂ ಹೊಸದನ್ನೂ ಹೋಲಿಸಿ ನೋಡುವ ಎಬಿಐಡಿಫ್‌ಗೆ ಕೊಟ್ಟರೆ ಯಾವ ಫೀಲ್ಡ್ ಎಲ್ಲಿಗೆ ಸರಿಯಿತೆಂದು ತೋರಿಸುತ್ತದೆ.

ಸೋರ್ಸ್ ಕೋಡ್ ಇಲ್ಲದ, ಮತ್ತೆ ಕಟ್ಟಲಾಗದ ಹಳೆಯ ಪ್ರೋಗ್ರಾಂಗಳ ಪಾಡು ಬೇರೆ. ಉಬುಂಟು ಲಿನಕ್ಸ್ 22.04ರಲ್ಲಿ ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3 ಮಾತ್ರ ಇದೆ, ಪ್ರೋಗ್ರಾಂ ಕೇಳುವುದು 1.1. ಹಳೆಯ ಫೈಲಿನ ಹೆಸರಿಗೆ 3ರ ಕೊಂಡಿ ಹಾಕುವುದು ಕಣ್ಣಿಗೆ ಮಣ್ಣೆರಚುವ ಕೆಲಸ. ಹಳೆಯ ಲೈಬ್ರರಿಯನ್ನು ಆ ಪ್ರೋಗ್ರಾಂನ ಡೈರೆಕ್ಟರಿಯಲ್ಲೇ ಇಟ್ಟು, ಪ್ಯಾಚ್‌ಎಲ್ಫ್ ಎಂಬ ಸಾಧನದಿಂದ ಲೈಬ್ರರಿ ಹುಡುಕುವ ದಾರಿಯನ್ನು ಅದೊಂದರ ಫೈಲಿಗೇ ಬರೆಯುತ್ತೇನೆ. ಅದರ ಬದಲು ಎಲ್‌ಡಿ ಲೈಬ್ರರಿ ಪಾತ್ (ಅದೇ ದಾರಿ ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್) ಬಳಸಿದರೆ ಆ ಪ್ರೋಗ್ರಾಂ ಶುರು ಮಾಡುವ ಉಳಿದವಕ್ಕೂ ಹಳೆಯದೇ ಅಂಟುತ್ತದೆ. 1.1.1ಕ್ಕೆ ಉಚಿತ ಭದ್ರತಾ ತಿದ್ದುಪಡಿ 2023ರ ಸೆಪ್ಟೆಂಬರ್‌ಗೇ ನಿಂತಿದೆ, ಆದ್ದರಿಂದ ಅಂಥ ಪ್ರೋಗ್ರಾಂಗೆ ಹೊರಗಿನ ನೆಟ್‌ವರ್ಕ್ ಕೊಡುವುದಿಲ್ಲ.

ಬದಲಿಸಿದ ಮೇಲೆ ಓಡುತ್ತಿರುವ ಪ್ರತಿ ಪ್ರೊಸೆಸ್ ಯಾವ ಫೈಲುಗಳನ್ನು ಮೆಮೊರಿಗೆ ಜೋಡಿಸಿಕೊಂಡಿದೆ ಎಂದು ತೋರಿಸುವ 'ಮ್ಯಾಪ್ಸ್' ಫೈಲಿನಲ್ಲಿ ಲೈಬ್ರರಿಯ ಹೆಸರಿನ ಮುಂದೆ 'ಡಿಲೀಟೆಡ್' ಇದೆಯೇ ನೋಡುತ್ತೇನೆ. ಇದ್ದರೆ ಅದು ಇನ್ನೂ ಹಳೆಯದರಲ್ಲೇ ಓಡುತ್ತಿದೆ, ರೀಸ್ಟಾರ್ಟ್ ಬೇಕು. 2.4.1 ಕೆಟ್ಟದ್ದೆಂದು ಹಿಂದಿನ ಆವೃತ್ತಿಗೆ ಹೋಗಬೇಕಾದಾಗ ಕೊಂಡಿ ತಿರುಗಿಸಿದರೆ ಸಾಲದು. ಒಂದೇ ಎಸ್‌ಒನೇಮ್‌ನ ಎರಡು ಫೈಲುಗಳಿದ್ದರೆ ಎಲ್‌ಡಿಕಾನ್ಫಿಗ್ ದೊಡ್ಡ ಸಂಖ್ಯೆಯದನ್ನೇ ಆರಿಸುತ್ತದೆ; ಮುಂದೆ ಯಾವುದೋ ಪ್ಯಾಕೇಜ್ ಹಾಕುವಾಗ ಅದು ಓಡಿ 2.4.1 ಮತ್ತೆ ಬಂದು ಕೂರುತ್ತದೆ. ಕೆಟ್ಟ ಫೈಲನ್ನು ಆ ಡೈರೆಕ್ಟರಿಯಿಂದಲೇ ಹೊರಗಿಟ್ಟು, ಆಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು.