ಗ್ರೀಸ್ ತುಂಬಿದ್ದರೂ ಒಣಗಿದ್ದ ಕಪ್ಲಿಂಗ್

ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದಾಗಿನ ಮಾತು. ಮಿಲ್ಲಿನ ಗೇರ್‌ಬಾಕ್ಸ್‌ಗೂ ಮೋಟಾರಿಗೂ ನಡುವೆ ಇದ್ದ ಗೇರ್ ಕಪ್ಲಿಂಗ್ (ಎರಡು ಶಾಫ್ಟುಗಳನ್ನು ಹಲ್ಲಿಗೆ ಹಲ್ಲು ಕಚ್ಚಿಸಿ ಜೋಡಿಸುವ ಭಾಗ) ಎರಡು ಸೀಸನ್ನಿನಲ್ಲಿ ಎರಡು ಸಲ ಹಲ್ಲು ಸವೆದು ಕೂತಿತು. ಮೋಟಾರು 250 ಕಿಲೋವ್ಯಾಟ್, 1480 ಆರ್‌ಪಿಎಂ. ವಾರಕ್ಕೊಮ್ಮೆ ಗ್ರೀಸ್ ಹೊಡೆದದ್ದಕ್ಕೆ ಲಾಗ್‌ಬುಕ್ಕಿನಲ್ಲಿ ಸಹಿಯೂ ಇತ್ತು. ಹೀಗಾಗಿ ಬೈಯೋಕೆ ಯಾರೂ ಸಿಗಲಿಲ್ಲ.

ಎರಡನೇ ಸಲ ಸ್ಲೀವ್, ಅಂದರೆ ಒಳಗೆ ಹಲ್ಲಿರುವ ಹೊರಕವಚ, ಸರಿಸಿದಾಗ ನಮ್ಮ ಹೆಡ್ ಫಿಟರ್ ಒಳಗೆ ಬೆರಳಾಡಿಸಿ, "ಸಾಹೇಬ್ರ, ಗ್ರೀಸ್ ತುಂಬೇತ್ರಿ, ಆದ್ರ ಎಣ್ಣಿನ ಇಲ್ ನೋಡ್ರಿ" ಅಂದರು. ಹಲ್ಲಿನ ಸಂದಿಯಲ್ಲಿ ಒಣಗಿದ ಸಾಬೂನಿನಂಥ ಗಟ್ಟಿ ಪದರ. ಸ್ಕ್ರೂಡ್ರೈವರಿನಿಂದ ಕೆರೆದರೆ ಅದರಡಿ ಇಟ್ಟಿಗೆ ಬಣ್ಣದ ಪುಡಿ. ನೀರು ಹೊಕ್ಕು ತುಕ್ಕು ಹಿಡಿದಿದೆ ಎಂದುಕೊಂಡೆ. ಅಲ್ಲ, ಎಣ್ಣೆಯಿಲ್ಲದೆ ಲೋಹಕ್ಕೆ ಲೋಹ ಉಜ್ಜಿ ಉದುರಿದ ಕಬ್ಬಿಣವೇ ಆಕ್ಸೈಡ್ ಆಗಿತ್ತು.

ನಾವು ಬಳಸುತ್ತಿದ್ದುದು ಬೇರಿಂಗಿಗೆ ಹಾಕುವ ಮಾಮೂಲಿ ಲಿಥಿಯಂ ಗ್ರೀಸ್. ಹಲ್ಲುಗಳು ಸೆಂಟರಿನಿಂದ 100 ಮಿ.ಮೀ. ದೂರದಲ್ಲಿವೆ ಎಂದು ಲೆಕ್ಕ ಹಾಕಿದರೆ, ಆ ವೇಗದಲ್ಲಿ ಗ್ರೀಸಿನ ಮೇಲೆ ಗುರುತ್ವದ ಸುಮಾರು 245 ಪಟ್ಟು ಸೆಳೆತ. ಗ್ರೀಸ್ ಅಂದರೆ ಸೋಪು ಹಿಡಿದಿಟ್ಟ ಎಣ್ಣೆ. ಸೋಪು ಎಣ್ಣೆಗಿಂತ ಭಾರ, ಹೊರಗೆ ಹೋಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ; ಎಣ್ಣೆ ಬೇರೆಯಾಗಿ ಒಳಗೆ ಉಳಿದು ಸೀಲಿನಿಂದ ಜಿನುಗುತ್ತದೆ. ಹಾಲನ್ನು ಗಿರಗಿರ ತಿರುಗಿಸಿ ಕೆನೆ ಬೇರೆ ಮಾಡುವ ಮೆಷಿನ್ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಪ್ರತಿವಾರ ಹೊಡೆದ ಹೊಸ ಗ್ರೀಸು ಆ ಗಟ್ಟಿ ಪದರ ದಾಟಿ ಹಲ್ಲಿಗೆ ತಲುಪಲೇ ಇಲ್ಲ.

ಇಷ್ಟಕ್ಕೂ ಹಲ್ಲು ಸುಮ್ಮನೆ ಕಚ್ಚಿಕೊಂಡು ತಿರುಗುವುದಿಲ್ಲ. ಶಾಫ್ಟುಗಳ ನಡುವೆ ಕಾಲು ಡಿಗ್ರಿ ಓರೆ ಇದ್ದರೂ 200 ಮಿ.ಮೀ. ವ್ಯಾಸದಲ್ಲಿ ಪ್ರತಿ ಹಲ್ಲು ಸುತ್ತಿಗೊಮ್ಮೆ ಸುಮಾರು 0.87 ಮಿ.ಮೀ. ಹೋಗಿ ಅಷ್ಟೇ ವಾಪಸ್ ಬರುತ್ತದೆ. ಎರಡೂ ತುದಿಯಲ್ಲಿ ಕ್ಷಣ ನಿಂತು ಹಿಂದಿರುಗುವುದರಿಂದ ಎಣ್ಣೆಯ ಪೂರ್ತಿ ಪದರ ಕಟ್ಟುವುದೇ ಕಷ್ಟ. ಒಂದೂವರೆ ಡಿಗ್ರಿ ತನಕ ಪರವಾಗಿಲ್ಲ ಎನ್ನುವ ಕ್ಯಾಟಲಾಗುಗಳಿವೆ. ಆ ಮಾತು ನಂಬಿ ಅಲೈನ್‌ಮೆಂಟ್, ಅಂದರೆ ಶಾಫ್ಟುಗಳನ್ನು ಒಂದೇ ಸಾಲಿಗೆ ತರುವ ಕೆಲಸ, ಬಿಟ್ಟರೆ ಕಪ್ಲಿಂಗ್ ಮಾರುವವನಿಗೇ ಲಾಭ.

ಘರ್ಷಣೆಯ ಪೆಟ್ಟು ಹಲ್ಲಿಗಷ್ಟೇ ಅಲ್ಲ. ಪೂರ್ಣ ಲೋಡಿನಲ್ಲಿ ಟಾರ್ಕ್ ಸುಮಾರು 1613 ನ್ಯೂಟನ್ ಮೀಟರ್, ಅಂದರೆ ಹಲ್ಲುಗಳ ಮೇಲೆ ಒಟ್ಟು 16,000 ನ್ಯೂಟನ್ ದಾಟಿದ ಬಲ. ಘರ್ಷಣಾಂಕ 0.15 ಇದ್ದರೆ ಸ್ಲೀವ್ ಜಾರಲು ಶಾಫ್ಟಿನ ಉದ್ದಕ್ಕೆ ಸುಮಾರು 250 ಕೆಜಿ ಬಲ ಬೇಕು, ಒಣಗಿ 0.3 ಆದರೆ ಅದರ ಎರಡು ಪಟ್ಟು. ಅಷ್ಟೂ ಬಲ ಬೀಳುವುದು ಪಕ್ಕದ ಬೇರಿಂಗಿನ ಮೇಲೆ. ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ಯಾಕೆ ಬಿಸಿಯಾಗುತ್ತಿತ್ತು ಎನ್ನುವುದು ಆಗ ಹೊಳೆಯಿತು.

ಹೊಸ ಕಪ್ಲಿಂಗ್ ಬಂದ ಮೇಲೆ ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒರೆಸಿದೆವು. ಗ್ರೀಸನ್ನು ಕಪ್ಲಿಂಗಿಗೆಂದೇ ತಯಾರಾಗುವ, ಗಟ್ಟಿ ಎಣ್ಣೆಯ, ತಿರುಗುವಾಗ ಬೇರ್ಪಡದ ಜಾತಿಗೆ ಬದಲಿಸಿದೆ. ಬೆಲೆ ಕೇಳಿ ಸ್ಟೋರಿನವರು ಹುಬ್ಬೇರಿಸಿದರು. ಜೋಡಿಸುವ ಮುಂಚೆಯೇ ಹಲ್ಲಿಗೆಲ್ಲ ಕೈಯಿಂದ ಮೆತ್ತಿದೆವು. ಶಾಫ್ಟಿಗೆ ಕಪ್ಲಿಂಗ್ ಹಿಡಿಸುವ ಕೀ ಕೂರುವ ಕೀವೇ ಸಂದಿಯಿಂದಲೂ ಎಣ್ಣೆ ಸೋರುತ್ತದೆ, ಅಲ್ಲಿಗೆ ಸೀಲೆಂಟ್. ಓ-ರಿಂಗ್, ಗ್ಯಾಸ್ಕೆಟ್ ಹೊಸದು. ಗ್ರೀಸ್ ಗನ್ ಹೊಡೆಯುವಾಗ ಎದುರಿನ ಪ್ಲಗ್ ಬಿಚ್ಚಿಡದಿದ್ದರೆ ಒಳಗಿನ ಗಾಳಿ ಹೊರಬರದು, ಒತ್ತಡಕ್ಕೆ ಸೀಲೇ ಎದ್ದೀತು. ಹಿಂದೆ ನಾವು ಆ ಪ್ಲಗ್ ಮುಟ್ಟಿರಲೇ ಇಲ್ಲ!

ಅಲೈನ್‌ಮೆಂಟಿಗೆ ಡಯಲ್ ಗೇಜ್ ಹಾಕಿ ಒಂದು ದಿನ ಪೂರ್ತಿ ಕೊಟ್ಟೆ. ಗೇರ್‌ಬಾಕ್ಸಿನ ಸೆಂಟರು ಬೇಸಿನಿಂದ ಅರ್ಧ ಮೀಟರ್ ಎತ್ತರ. 30 ಡಿಗ್ರಿ ಬಿಸಿಯೇರಿದರೆ ಅದು 0.17 ಮಿ.ಮೀ. ಹತ್ತಿರ ಮೇಲೇಳುತ್ತದೆ. ಮೋಟಾರು ಅಷ್ಟು ಏಳುವುದಿಲ್ಲವಾದ್ದರಿಂದ ತಣ್ಣಗಿರುವಾಗಲೇ ಮೋಟಾರಿನಡಿ ಶಿಮ್ (ತೆಳು ತಗಡು) ಕೊಟ್ಟು 0.1 ಮಿ.ಮೀ. ಎತ್ತರಿಸಿದೆ.

ಮುಂದಿನ ಸೀಸನ್ ಮುಗಿದಾಗ ಬಿಚ್ಚಿದರೆ ಹಲ್ಲು ಎಣ್ಣೆಯಿಂದ ಕಪ್ಪಗೆ ಒದ್ದೆ, ಕೆಂಪು ಪುಡಿ ಇಲ್ಲ. ಆದರೂ ಒಂದು ಭಯ ಉಳಿದಿತ್ತು: ನೈಟ್ ಶಿಫ್ಟಿನವರ ಕೈಯಲ್ಲಿ ಹಳೆಯ ಲಿಥಿಯಂ ಗನ್ ಇನ್ನೂ ಇತ್ತು, ಗ್ರೀಸ್ ತುಂಬುವ ನಿಪ್ಪಲ್ ಕಂಡರೆ ಸಾಕು ಒತ್ತುತ್ತಾರೆ. ಹೆಡ್ ಫಿಟರ್ ಸದ್ದಿಲ್ಲದೆ ನಿಪ್ಪಲ್‌ಗಳನ್ನೇ ಬಿಚ್ಚಿ, ಅಲೆನ್ ಕೀಲಿಯಿಂದ ಬಿಚ್ಚುವ ಪ್ಲಗ್ ಹಾಕಿ, ಆ ಕೀಲಿ ತಮ್ಮ ಜೇಬಿಗೆ ಇಳಿಸಿದರು.