ಸುರತ್ಕಲ್‌ದಾಗ ಬಾಡಿಗಿ ಕಟ್ಟಾಕ ಆಗತೈತೇನು ಅಂತ ವಿಜಯಪುರದಾಗ ಕುಂತು ನೋಡಿದ್ದು

ಮಂಗಳೂರು ಕಡೆ, ಸುರತ್ಕಲ್ ಹತ್ರ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದಾಗ ಕೆಲಸ ಸಿಕ್ತು, ಪಗಾರ ಕೈಗೆ 34,000. ಇಲ್ಲಿ 26,000 ಇತ್ತು. ಮನ್ಯಾಗ ಎಲ್ಲಾರೂ ಖುಷಿ. ನಮ್ಮ ಮನಿಯಾಕಿಗೆ ಸಮುದ್ರದ ಹತ್ರಾನ ಮನಿ ಬೇಕು ಅಂತ ಆಸೆ, ಅದಕ್ಕ ಸುರತ್ಕಲ್‌ದ ಹೊಸಬೆಟ್ಟು ಕಡೆ ಫೋನ್ ಹಚ್ಚಿದೆ. ಬ್ರೋಕರ್ ಹೇಳಿದ್ದು 12,500. ಇಷ್ಟನಾ ಅಂದ್ರ, "ಮೈಂಟೆನನ್ಸ್ ಸಾವಿರ ಬೇರೆ ಉಂಟು ಮಾರಾಯ್ರೆ" ಅಂದ.

ಇಲ್ಲಿ ವಿಜಯಪುರದ ಜಲನಗರದಾಗ ನಮ್ಮ ಬಾಡಿಗಿ 5,500. ಹಾಳಿ ಮ್ಯಾಲೆ ಬರದು ನೋಡಿದ್ರ ಪಗಾರ ಏರಿದ್ದೂ ಎಂಟು ಸಾವಿರ, ಬಾಡಿಗಿ ಏರಿದ್ದೂ ಎಂಟು ಸಾವಿರ! ಊರಾಗ ಅವ್ವಗ ಕಳಸೋ 4,000 ಎರಡೂ ಕಡೆ ಅಷ್ಟ.

ಪಗಾರದಾಗ ಮೂರನೇ ಒಂದು ಪಾಲು ಬಾಡಿಗಿಗೆ ಇಡಬೇಕು ಅಂತಾರಲ್ಲ, ಅದು ನನಗ ಉಪಯೋಗ ಆಗ್ಲಿಲ್ಲ, ಯಾಕಂದ್ರ ನಮ್ಮನ್ನ ಹೊಡಿಯೋ ಖರ್ಚು ಬಾಡಿಗಿ ಹೊರಗ ಇದ್ವು. ನಮ್ಮಾಕಿ ಇಲ್ಲಿ ಬ್ಲೌಸ್ ಹೊಲದು ತಿಂಗಳಿಗೆ 3,000 ತರತಾಳ, ಅಲ್ಲಿ ಗಿರಾಕಿ ಹುಟ್ಟಬೇಕಂದ್ರ ವರ್ಷ ಬೇಕು. ವರ್ಷಕ್ಕ ಮೂರು ನಾಕು ಸಲ ಮೂರೂ ಮಂದಿ ಊರಿಗೆ ಬಂದು ಹೋಗಾಕ ತಿಂಗಳಿಗೆ 1,500 ತೆಗೆದಿಡಬೇಕು. ಗೃಹಜ್ಯೋತಿ 200 ಯೂನಿಟ್ ಫ್ರೀ ಅಂತಾರ ಖರೆ, ಆದ್ರ ಅದು ಆ ಮನಿ ಹಳೇ ಸರಾಸರಿ ಮ್ಯಾಲೆ ಲೆಕ್ಕ, ಆ ಸೆಕಿಗೆ ಹಗಲೂ ರಾತ್ರಿ ಫ್ಯಾನ್ ತಿರುಗ್ತಾವ, ಅದಕ್ಕ 800 ಹಿಡದೆ. ಒಟ್ಟು 5,300 ಕಮ್ಮಿ ಬಿತ್ತು.

ನಮ್ಮ ಅಳಿಯ ಎಚ್‌ಆರ್‌ಎ (ಪಗಾರದಾಗ ಬರೋ ಮನಿ ಬಾಡಿಗಿ ಭತ್ಯೆ) ಒಳಗ ಟ್ಯಾಕ್ಸ್ ಉಳಿತೈತಿ ಮಾವಾ ಅಂದ. ಉಳ್ಯಾಕ ಮೊದಲ ಟ್ಯಾಕ್ಸ್ ಬರಬೇಕಲ್ಲೋ! ನಮ್ಮ ಪಗಾರಕ್ಕ ಟ್ಯಾಕ್ಸೇ ಇಲ್ಲ.

ಆಮ್ಯಾಲೆ ಮಾಡಿದ್ದು ಏನಂದ್ರ, ಇಲ್ಲೇ ಇದ್ದು ಎರಡು ತಿಂಗಳು ಅಲ್ಲಿ ಇದ್ದಂಗ ಬದುಕಿದ್ವಿ, ಪಗಾರ ಬಂದ ದಿನಾನ 5,300 ಬೇರೆ ಅಕೌಂಟಿಗೆ ಹಾಕೋದು, ಮುಟ್ಟಂಗಿಲ್ಲ. ಮೊದಲ ತಿಂಗಳು ಹೆಂಗೋ ಆತು, ಕಡೀ ವಾರ ಬರೇ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಎರಡನೇ ತಿಂಗಳು ಕಾಕಾನ ಮಗಳ ಲಗ್ನ ಬಂತು, ಆಯಾರ (ಉಡುಗೊರೆ) ಮಾಡಬೇಕು, ಬಿಡಾಕ ಬರಂಗಿಲ್ಲ, 4,000 ವಾಪಸ್ ತಗದೆ. ಅಲ್ಲಿಗೆ ಹೊಸಬೆಟ್ಟು ಮನಿ ಕೈ ಬಿಟ್ಟೆ.

ಮುಂದ ಹೈವೇದಿಂದ ಒಳಗ, ಕಾಟಿಪಳ್ಳ ಕಡೆ ನೋಡಿದೆ. 9,000, ಮೈಂಟೆನನ್ಸ್ ಇಲ್ಲ. 4,500 ಉಳೀತು, ಬೈಕಿನ ಪೆಟ್ರೋಲ್ 700 ಹೋತು, ಕೊರತಿ 1,500ಕ್ಕ ಬಂತು. ಲಗ್ನ ಇದ್ದ ತಿಂಗಳಾಗೂ 1,300 ಉಳಿಸಿದ್ವಿ, ಹಂಗಾಗಿ 1,500 ಅಂದ್ರ ಧೈರ್ಯ ಬಂತು. ಡಿಪಾಸಿಟ್ 40,000, ಅಗ್ರಿಮೆಂಟ್ 11 ತಿಂಗಳದ್ದು (ಒಂದು ವರ್ಷ ದಾಟಿದ್ರ ರಿಜಿಸ್ಟರ್ ಮಾಡಿಸಬೇಕು, ಅದಕ್ಕ ಎಲ್ಲಾರೂ ಹನ್ನೊಂದ ಬರಸ್ತಾರ). ರೊಕ್ಕ ಕೊಡೂ ಮೊದಲು ನಾ ಒಬ್ಬನ ಹೋಗಿ ಬಾವಿ ನೀರು ಕುಡದು ನೋಡಿ ಬಂದೆ, ಸಮುದ್ರದ ದಂಡಿ ಹತ್ರ ಕೆಲವು ಕಡೆ ಉಪ್ಪು ಇರತೈತಂತ.

ಜೂನ್‌ದಾಗ ಸಾಮಾನು ಇಳಿಸಿದ್ವಿ. ನಮ್ಮ ಕಡೆ ವರ್ಷಪೂರ್ತಿ ಬೀಳೋ ಮಳಿ ಇಲ್ಲಿ ಒಂದು ತಿಂಗಳಿಗೂ ಸಾಲಂಗಿಲ್ಲ ಅಂತ ಗೊತ್ತಿತ್ತು, ಆದ್ರೂ ಮೂರು ರೇನ್‌ಕೋಟು, ಎರಡು ಛತ್ರಿ ಲೆಕ್ಕದಾಗ ಬರದಿರಲಿಲ್ಲ. 2,300.